ಸೈದಾಬಿಯ ಅಡುಗೆಮನೆಯ ಗೋಡೆ

ನಿಡಗುಂದಿಯ ಕಾಸಿಂಸಾಬರ ಮನೆಯಲ್ಲಿ ನಡುಮನೆಯಿಂದ ಅಡುಗೆಮನೆಗೆ ಹೋಗುವ ಬಾಗಿಲು ಇಕ್ಕಟ್ಟು. ಮನೆ ಕಟ್ಟಿದಾಗ ಅದು ಯಾರಿಗೂ ಇಕ್ಕಟ್ಟು ಅನಿಸಿರಲಿಲ್ಲ. ತುಂಬಿದ ಕೊಡ ಹೊತ್ತವರು ಸಲೀಸಾಗಿ ಹೋಗುತ್ತಿದ್ದರು, ಜೋಳದ ಚೀಲ ಹೊತ್ತವರು ತುಸು ಓರೆಯಾಗಿ ಹೋಗುತ್ತಿದ್ದರು. ಮಗ ಸೊಹೇಲ ಕಬ್ಬಿನ ಲೋಡಿನ ಮೇಲಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡ. ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಅವನು ಗಾಲಿಕುರ್ಚಿಯಲ್ಲಿ ಮನೆಗೆ ಬಂದ ದಿನವೇ ಆ ಬಾಗಿಲು ಎಷ್ಟು ಸಣ್ಣದು ಎಂಬುದು ಎಲ್ಲರಿಗೂ ತಿಳಿದದ್ದು. ಕುರ್ಚಿಯ ಎರಡೂ ಗಾಲಿ ಚೌಕಟ್ಟಿಗೆ ಬಡಿದು ನಿಂತವು. ಒಂದು ಗೇಣು ಜಾಗ ಸಾಲಲಿಲ್ಲ.

ಬಚ್ಚಲು, ಸಂಡಾಸು ಎರಡೂ ಆ ಬಾಗಿಲಿನ ಆಚೆ, ಅಡುಗೆಮನೆ ದಾಟಿ ಹಿತ್ತಲಲ್ಲಿ. ದಿನಾಲು ಬೆಳಿಗ್ಗೆ ಕಾಸಿಂಸಾಬರು ಮಗನ ಕಂಕುಳಿಗೆ ಕೈ ಹಾಕುತ್ತಿದ್ದರು. ಸೊಹೇಲನ ಹೆಂಡತಿ ನಿಷತ ಕಾಲು ಹಿಡಿಯುತ್ತಿದ್ದಳು. ಎತ್ತಿ, ಓರೆಯಾಗಿ ಹೊಸ್ತಿಲು ದಾಟಿಸಿ, ಆಚೆ ಇಟ್ಟ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂಡಿಸಿ ಎಳೆದುಕೊಂಡು ಹೋಗಬೇಕು. ರೊಟ್ಟಿ ಬಡಿಯುತ್ತಿದ್ದ ತಾಯಿ ಸೈದಾಬಿ ಆ ಹೊತ್ತಿಗೆ ಒಲೆಯ ಕಡೆ ಮುಖ ತಿರುಗಿಸಿಕೊಂಡು ಬಿಡುತ್ತಿದ್ದಳು. ತಾನು ನೋಡಿದರೆ ಮಗನಿಗೆ ನಾಚಿಕೆ ಎಂದು ಅವಳಿಗೆ ಗೊತ್ತಿತ್ತು.

ನಿಷತ ಒಂದು ಸಂಗತಿ ಗಮನಿಸಿದ್ದಳು. ಗಂಡ ನೀರು ಕುಡಿಯುವುದನ್ನೇ ಬಿಟ್ಟಿದ್ದ. ಹಾಸಿಗೆಯ ಪಕ್ಕದಲ್ಲಿಟ್ಟ ತಂಬಿಗೆ ಇಟ್ಟ ಹಾಗೆಯೇ ಇರುತ್ತಿತ್ತು.

"ಒಂದ್ ಗುಟುಕರ ಕುಡೀರಿ," ಎನ್ನುತ್ತಿದ್ದಳು.

"ಬ್ಯಾಡ."

"ಡಾಕ್ಟರ್ ಏನ್ ಹೇಳ್ಯಾರ? ನೀರು ಕಡಿಮಿ ಆದ್ರ ಕಿಡ್ನಿಗೆ ತ್ರಾಸ ಅಂದಾರ."

"ಕುಡದ್ರ ಮತ್ತ ಹೊತಗೊಂಡ ಹೋಗಬೇಕಲ್ಲ. ಅಪ್ಪಗ ವಯಸ್ಸಾಗೈತಿ. ಬಿಡು."

ಒಂದು ದಿನ ಕಾಸಿಂಸಾಬರ ಕೈ ಜಾರಿತು. ಸೊಹೇಲ ಹೊಸ್ತಿಲ ಮೇಲೆಯೇ ಬಿದ್ದ. ಅರ್ಧ ದೇಹ ನಡುಮನೆಯಲ್ಲಿ, ಅರ್ಧ ಅಡುಗೆಮನೆಯಲ್ಲಿ. ಪೆಟ್ಟೇನೂ ಆಗಲಿಲ್ಲ, ಆದರೆ ಬಟ್ಟೆ ಒದ್ದೆಯಾಯಿತು. ಎತ್ತಲು ಬಂದವರಿಗೆ ಅವನು ಕೈ ಕೊಡಲಿಲ್ಲ.

"ಇಲ್ಲೇ ಬಿಡ್ರಿ ನನ್ನ. ಸಾಕಾಗೈತಿ," ಅಂದ.

ಸೈದಾಬಿ ಒಲೆ ಬಿಟ್ಟು ಎದ್ದು ಬಂದವಳು ಸೆರಗು ಬಾಯಿಗೊತ್ತಿ ಅಲ್ಲಿಯೇ ನಿಂತಳು. ಸಂಜೆ ಚಹಾ ಕುಡಿದು ಕಪ್ಪು ಕೆಳಗಿಟ್ಟ ಕಾಸಿಂಸಾಬರು ಹೇಳಿದರು. "ಈ ಗ್ವಾಡೀನ ತಗದು ಬಿಡೂನು. ನಡುಮನಿ, ಅಡಗಿಮನಿ ಎರಡೂ ಒಂದಾ ಮಾಡೂನು. ಹಿತ್ತಲ ಬಾಗ್ಲ ಹೆಂಗೂ ಅಗಲ ಐತಿ, ಕುರ್ಚಿ ಸೀದಾ ಹಿತ್ತಲಕ್ಕ ಹೋಗ್ತೈತಿ. ಯಾರೂ ಅವನ್ನ ಹೊರೂದು ಬ್ಯಾಡ."

ಆ ಮಾತಿನಿಂದ ಮನೆಗೆ ಉಸಿರು ಬಂದಂತಾಯಿತು. ಇಷ್ಟು ದಿನ ಯಾಕೆ ಹೊಳೆಯಲಿಲ್ಲ ಅನ್ನಿಸಿತು ಎಲ್ಲರಿಗೂ.

ಮರುದಿನ ಕಾಂತು ಗೌಂಡಿ ಬಂದ. ಆ ಭಾಗದಲ್ಲಿ ಮನೆ ಕಟ್ಟುವ ಕೆಲಸಕ್ಕೆ ಹೆಸರಾದವನು. ಗೋಡೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿ, ಅಡುಗೆಮನೆಯ ಕಡೆಯಿಂದಲೂ ಒಮ್ಮೆ ತಟ್ಟಿ, ಒಂದು ದಿನದ ಕೆಲಸ ಅಂದ.

ನಿಷತಳಿಗೆ ಮಾತ್ರ ಯಾರನ್ನಾದರೂ ಒಂದು ಮಾತು ಕೇಳಬೇಕು ಅನ್ನಿಸಿತು. ಅದೇ ಓಣಿಯ ವಿಜಯಲಕ್ಷ್ಮಿ ಸರ್ಕಾರಿ ಕಚೇರಿಯಲ್ಲಿ ಕಿರಿಯ ಎಂಜಿನಿಯರ್. ಸ್ವಸಹಾಯ ಸಂಘದ ಸಭೆಯಲ್ಲಿ ಇಬ್ಬರೂ ಪಕ್ಕಪಕ್ಕ ಕೂಡುತ್ತಿದ್ದರು. ಆಗ ವಿಜಯಲಕ್ಷ್ಮಿ ತರಬೇತಿಗೆಂದು ಧಾರವಾಡಕ್ಕೆ ಹೋಗಿದ್ದಳು. ನಿಷತ ಹಿತ್ತಲಿಗೆ ಹೋಗಿ ಫೋನ್ ಮಾಡಿದಳು.

"ಗ್ವಾಡಿ ಎಷ್ಟ ದಪ್ಪ ಐತಿ?" ಎಂದು ವಿಜಯಲಕ್ಷ್ಮಿ ಕೇಳಿದಳು.

"ಒಂದೂವರಿ ಫೂಟ ಇರಬೇಕಕ್ಕ. ಕಲ್ಲು ಮಣ್ಣಿಂದು."

"ಮ್ಯಾಲೊಂದು ಖೋಲಿ ಐತೆಲ್ಲ ನಿಮ್ಮದು. ಅದರ ಗ್ವಾಡಿ ಎಲ್ಲಿ ಬರ್ತೈತಿ?"

ನಿಷತ ತಲೆಯೆತ್ತಿ ನೋಡಿದಳು. "ಸರಿಯಾಗಿ ಇದರ ಮ್ಯಾಲೇನ."

"ಮನ್ಯಾಗ ಪಿಲ್ಲರ್ ಅದಾವೇನು?"

"ಇಲ್ಲಕ್ಕ. ಮಾವಾರು ಮದಲ ಮುಂದಿನ ಅರ್ಧಕ್ಕ ಸ್ಲ್ಯಾಬ್ ಹಾಕಿಸಿದ್ರಂತ. ಹಿಂದಿನ ಅರ್ಧ ಆಮ್ಯಾಲೆ."

ವಿಜಯಲಕ್ಷ್ಮಿ ನಿಧಾನವಾಗಿ ಹೇಳಿದಳು. "ನಿಷತ, ಅದು ಬರೇ ಅಡ್ಡಗ್ವಾಡಿ ಅಲ್ಲ. ಎರಡೂ ಸ್ಲ್ಯಾಬಿನ ತುದಿ ಅದರ ಮ್ಯಾಲೇನ ಕುಂತಾವು. ಮ್ಯಾಲಿನ ಖೋಲಿ ಭಾರ, ನೀರಿನ ಟಾಕಿ ಭಾರ, ಎಲ್ಲಾ ಅದ ಹೊತ್ತೈತಿ. ನಾ ಬಂದು ನೋಡೂತನಕ ಗ್ವಾಡಿಗೆ ಹಾರಿ ಮುಟ್ಟಸಬ್ಯಾಡ್ರಿ. ಮುಂದಿನ ತಿಂಗಳ ಬರ್ತೇನಿ. ಗಡಿಬಿಡಿ ಇದ್ರ ಬಾಗೇವಾಡ್ಯಾಗ ನನ್ನ ಕೂಡ ಕಲಿತವರೊಬ್ರು ಎಂಜಿನಿಯರ್ ಅದಾರ. ನಂಬರ್ ಕಳಸ್ತೇನಿ, ಅವರನ್ನರ ಕರಸ್ರಿ. ಏನರ ದಾರಿ ಇದ್ದ ಇರ್ತೈತಿ."

ನಂಬರು ಬಂತು. ನಿಷತ ಅದನ್ನು ಫೋನಿನಲ್ಲಿ ಇಟ್ಟುಕೊಂಡಳು. ಒಳಗೆ ಬಂದು ಮಾವನಿಗೆ ಎಲ್ಲವನ್ನೂ ಹೇಳಿದಳು.

ಕಾಸಿಂಸಾಬರು ಸಿಟ್ಟು ಮಾಡಲಿಲ್ಲ, ನಕ್ಕರು. "ವಿಜಯಲಕ್ಷ್ಮಿ ಶಾಣ್ಯಾ ಹುಡುಗಿ. ಆದ್ರ ಆಕಿ ಓದಿದ ಮನಿ ಬ್ಯಾರೆ, ನಾ ಕಟ್ಟಿದ ಮನಿ ಬ್ಯಾರೆ. ಇದರ ಒಂದೊಂದು ಕಲ್ಲು ನನ್ನ ಕೈಯಾಗ ದಾಟೈತಿ ಬೇಟಿ. ನನಗ ಗೊತ್ತಿಲ್ಲೇನು?"

ಕಾಂತುವೂ ಅಲ್ಲಗಳೆಯಲಿಲ್ಲ. "ಅಕ್ಕಾರು ಹೇಳೂದು ಖರೇ ಐತ್ರಿ. ಭಾರ ಇರ್ತೈತಿ. ಅದಕ್ಕಂತ ನಾವು ಕಬ್ಬಿಣದ ಗರ್ಡರ್ ಹಾಕ್ತೇವಿ. ಈ ಕಡಿ ಗ್ವಾಡಿಯಿಂದ ಆ ಕಡಿ ಗ್ವಾಡಿಗೆ ಒಂದು ಗರ್ಡರ್ ಕೊಟ್ರ ಮುಗೀತು. ನಾ ಇಂಥಾವು ಎಷ್ಟೋ ಮನ್ಯಾಗ ಒಡದೇನಿ, ಒಂದಕ್ಕೂ ಏನೂ ಆಗಿಲ್ಲ."

ಅವನು ಸುಳ್ಳು ಹೇಳಿರಲಿಲ್ಲ. ಆದರೆ ಅವನು ಒಡೆದದ್ದೆಲ್ಲ ಪಿಲ್ಲರ್ ನಿಲ್ಲಿಸಿ ಕಟ್ಟಿದ ಹೊಸ ಮನೆಗಳ ನಡುಗೋಡೆಗಳು. ಅಲ್ಲಿ ಭಾರ ಹೊರುವುದು ಪಿಲ್ಲರು, ಗೋಡೆ ಅಲ್ಲ. ಆ ವ್ಯತ್ಯಾಸ ಆ ದಿನ ಆ ಮನೆಯಲ್ಲಿ ಯಾರ ತಲೆಗೂ ಹೋಗಲಿಲ್ಲ.

"ನಾಳಿ ಬಿಟ್ರ ನಾ ಇಂಡಿ ಊರಿಗೆ ಹೋಗ್ತೇನ್ರಿ. ಅಲ್ಲಿ ದೊಡ್ಡ ಕೆಲಸ ಹಿಡದೇನಿ. ಮತ್ತ ಯಾವಾಗ ಬರ್ತೇನೋ," ಎಂದೂ ಕಾಂತು ಸೇರಿಸಿದ.

ಕಾಸಿಂಸಾಬರು ಸೊಸೆಯ ಮುಖ ನೋಡಿದರು. ನಿಷತ ಹಾಸಿಗೆಯ ಮೇಲಿದ್ದ ಗಂಡನನ್ನು ನೋಡಿದಳು. ಅವನ ತುಟಿಗಳು ಒಣಗಿ ಬಿರಿದಿದ್ದವು. ಬಾಗೇವಾಡಿಯವರನ್ನು ಕರೆಸೋಣ ಎನ್ನುವ ಮಾತು ಅವಳ ಬಾಯಿಗೆ ಬಂದಿತ್ತು. ಕರೆಸಿದರೆ ಅವರೂ ಬೇಡ ಎಂದುಬಿಟ್ಟರೆ ಎನ್ನುವ ಭಯ ಅದಕ್ಕಿಂತ ದೊಡ್ಡದಾಗಿತ್ತು.

"ಆಗಲಿ ಬಿಡ್ರಿ ಮಾವಾರ," ಅಂದಳು.

ಗೋಡೆ ಒಂದೇ ದಿನದಲ್ಲಿ ಹೋಯಿತು. ಗರ್ಡರ್ ಕೂತಿತು, ಮೇಲೆ ಸಿಮೆಂಟಿನ ಗಿಲಾಯಿ ಆಯಿತು. ನೆಲ ಆರಿದ ಮೇಲೆ ಸೊಹೇಲ ಕುರ್ಚಿಯಲ್ಲಿ ಕೂತು ಎರಡೂ ಗಾಲಿ ತಾನೇ ತಿರುಗಿಸಿದ. ನಡುಮನೆ ದಾಟಿತು, ಅಡುಗೆಮನೆ ದಾಟಿತು, ಕುರ್ಚಿ ಹಿತ್ತಲ ಬಾಗಿಲಿಗೆ ಹೋಗಿ ನಿಂತಿತು. ಯಾರೂ ಮುಟ್ಟಲಿಲ್ಲ. ಅಲ್ಲಿ ನಿಂತು ಅವನು ಒಂದು ತಂಬಿಗೆ ನೀರು ಕೇಳಿದ. ಸೈದಾಬಿ ತಂದುಕೊಟ್ಟಳು. ಪೂರ್ತಿ ಕುಡಿದ.

ಆಮೇಲೆ ಬಂದ ದಿನಗಳಷ್ಟು ಒಳ್ಳೆಯ ದಿನಗಳನ್ನು ಆ ಮನೆ ಬಹಳ ಕಾಲದಿಂದ ಕಂಡಿರಲಿಲ್ಲ. ಸೊಹೇಲ ಹಿತ್ತಲಲ್ಲಿ ಪೇರಲ ಗಿಡದ ಕೆಳಗೆ ಕೂಡುತ್ತಿದ್ದ. ತಾಯಿ ಒಳಗೆ ರೊಟ್ಟಿ ಬಡಿಯುತ್ತ ಮಾತಾಡುತ್ತಿದ್ದಳು, ಅವನು ಹೊರಗಿನಿಂದ ಉತ್ತರ ಕೊಡುತ್ತಿದ್ದ. ಬೆಳ್ಳುಳ್ಳಿ ಸುಲಿದು ಕೊಡುತ್ತಿದ್ದ, ಮೆಂತ್ಯ ಸೋಸಿ ಕೊಡುತ್ತಿದ್ದ. ಪಂಚರ್ ಅಂಗಡಿ ಇಡಬೇಕೆಂದು ಒಮ್ಮೆ ಬಾಯಿಬಿಟ್ಟು ಹೇಳಿಯೂ ಬಿಟ್ಟ.

ಬೆಳಿಗ್ಗೆ ಕಸ ಗುಡಿಸುವಾಗ ಅಡುಗೆಮನೆಯ ನೆಲದ ಮೇಲೆ ಬಿಳಿ ಪುಡಿ ಸಿಗಲು ಶುರುವಾಯಿತು. ಸೈದಾಬಿ ಗೊಣಗುತ್ತ ಗುಡಿಸುತ್ತಿದ್ದಳು. "ಈ ಸುಣ್ಣದ ಪುಡಿ ಎಲ್ಲಿಂದ ಬರ್ತೈತೋ. ಹಿಟ್ಟಿನ್ಯಾಗೂ ಬಿತ್ತು."

ಮೇಲಿನ ಖೋಲಿಯ ಬಾಗಿಲು ಹಾಕಿದರೆ ಕೂಡುತ್ತಿರಲಿಲ್ಲ. ಕಾಸಿಂಸಾಬರು ಮಳೆಗೆ ಕಟ್ಟಿಗೆ ಉಬ್ಬಿದೆ ಎಂದು ಬಾಗಿಲ ಅಂಚನ್ನು ಕೆತ್ತಿಸಿದರು. ಗರ್ಡರಿನ ತುದಿಯಲ್ಲಿ ದಾರದಂಥ ಬಿರುಕು ಮೂಡಿತು. ಕಾಂತುವಿಗೆ ಫೋನ್ ಮಾಡಿದರೆ, "ಹೊಸಾ ಗಿಲಾಯಿ ಅಲ್ರಿ, ಒಣಗಾಕತ್ತೈತಿ," ಅಂದ. ಕಾಸಿಂಸಾಬರು ಸಿಮೆಂಟ್ ಕಲಸಿ ಬಿರುಕು ಮುಚ್ಚಿ, ಮೇಲೆ ಬಣ್ಣ ಹಚ್ಚಿದರು.

ಆ ವಾರವೇ ವಿಜಯಲಕ್ಷ್ಮಿ ಧಾರವಾಡದಿಂದ ಫೋನ್ ಮಾಡಿದಳು. "ಏನ್ ಮಾಡಿದ್ರಿ ನಿಷತ? ಅವರನ್ನ ಕರಿಸಿದ್ರೇನು?"

ನಿಷತಳ ಕೈಯಲ್ಲಿ ಕಸಬರಿಗೆ ಇತ್ತು, ಕಾಲ ಹತ್ತಿರ ಬಿಳಿ ಪುಡಿ ಇತ್ತು. ನಿಮ್ಮ ಮಾತು ಮೀರಿ ಒಡೆಸಿಬಿಟ್ಟೆವು ಎಂದು ಹೇಳಲು ಅವಳಿಗೆ ಮುಖವಿರಲಿಲ್ಲ. "ಎಲ್ಲಾ ಛಲೋ ಐತಿ ಅಕ್ಕ. ನೀವು ಬರ್ರಿ, ಮಾತಾಡೂನು," ಅಂದಳು.

ಅಂದು ಶುಕ್ರವಾರ. ಎರಡು ದಿನ ಬಿಡದೆ ಸುರಿದ ಮಳೆ ಬೆಳಿಗ್ಗೆ ನಿಂತು ಹೊಳವಾಗಿತ್ತು. ಕಾಸಿಂಸಾಬರು ನಮಾಜಿಗೆ ಹೋಗಿದ್ದರು. ನಿಷತ ರೇಷನ್ ಅಂಗಡಿಯ ಸರದಿಯಲ್ಲಿ ನಿಂತಿದ್ದಳು. ಸೊಹೇಲ ಪೇರಲ ಗಿಡದ ಕೆಳಗಿದ್ದ. ಸೈದಾಬಿ ಒಲೆಯ ಮುಂದಿದ್ದಳು.

ಸದ್ದು ರೇಷನ್ ಅಂಗಡಿಯವರೆಗೂ ಕೇಳಿತು. ಲಾರಿಯಿಂದ ಕಲ್ಲು ಸುರಿದಂತೆ. ಯಾರದೋ ಮನೆಗೆ ಕಲ್ಲು ಬಂದಿರಬೇಕು ಎಂದುಕೊಂಡು ನಿಷತ ಸರದಿಯಲ್ಲಿಯೇ ನಿಂತಳು. ಓಡಿ ಬಂದವರು ಅವಳ ಹೆಸರು ಹಿಡಿದು ಕೂಗಿದಾಗ ಚೀಲವನ್ನು ಎಲ್ಲಿ ಬಿಟ್ಟಳೋ ಅವಳಿಗೆ ನೆನಪಿಲ್ಲ.

ಮನೆಯ ಮುಂಭಾಗ ನಿಂತೇ ಇತ್ತು. ಬಾಗಿಲು, ಕಿಟಕಿ, ಗೋಡೆಗೆ ಹಾಕಿದ್ದ ಕ್ಯಾಲೆಂಡರ್ ಎಲ್ಲ ಇದ್ದ ಹಾಗೇ ಇದ್ದವು. ಅದರ ಹಿಂದೆ ಮನೆ ಇರಲಿಲ್ಲ. ಅಡುಗೆಮನೆಯ ಸ್ಲ್ಯಾಬು ಒಂದು ಬದಿಗೆ ಬಾಗಿ ಕೆಳಗೆ ಬಿದ್ದಿತ್ತು. ಮೇಲಿನ ಖೋಲಿಯ ಗೋಡೆ ಅದರ ಮೇಲೆ ಬಿದ್ದಿತ್ತು. ಧೂಳಿನೊಳಗಿಂದ ಒಂದೇ ಸಮನೆ, "ಅಮ್ಮಾ, ಅಮ್ಮಾ," ಎನ್ನುವ ಸೊಹೇಲನ ದನಿ ಬರುತ್ತಿತ್ತು.

ನಿಷತ ಪಕ್ಕದ ಸಂದಿಯಿಂದ ಹಿತ್ತಲಿಗೆ ಓಡಿದಳು. ಗಾಲಿಕುರ್ಚಿ ಕಲ್ಲಿನ ರಾಶಿಗೆ ಸಿಕ್ಕು ಮಗ್ಗುಲಾಗಿ ಬಿದ್ದಿತ್ತು. ಸೊಹೇಲ ಅದರಿಂದ ಕೆಳಗೆ ಬಿದ್ದು, ಮೊಣಕೈ ಊರಿ ತೆವಳಿ, ಕಲ್ಲಿನ ರಾಶಿಯ ಅಂಚಿಗೆ ಬಂದಿದ್ದ. ಕೈಗೆ ಎಟುಕುವ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಹಿಂದಕ್ಕೆ ಒಗೆಯುತ್ತಿದ್ದ. ಉಗುರು ಕಿತ್ತು ರಕ್ತ ಸೋರುತ್ತಿತ್ತು. ಎಟುಕುವ ಕಲ್ಲು ಮುಗಿದಿದ್ದವು. ಮುಂದಿನದು ಎಟುಕುತ್ತಿರಲಿಲ್ಲ.

"ಮಾತಾಡಾಕತ್ತಿದ್ಲು," ಅಂದ ಅವನು ನಿಷತಳನ್ನು ನೋಡಿ. "ಈಗ ಮಾತಾಡವಲ್ಲಳು."

ಓಣಿಯ ಗಂಡಸರೆಲ್ಲ ಕೂಡಿ, ಆಮೇಲೆ ಜೆಸಿಬಿ ಬಂದು, ಸೈದಾಬಿಯನ್ನು ಹೊರಗೆ ತೆಗೆದರು. ಉಸಿರು ಇರಲಿಲ್ಲ. ಕೈಗೆ ಹಿಟ್ಟು ಹತ್ತಿಕೊಂಡೇ ಇತ್ತು.

ವಿಜಯಲಕ್ಷ್ಮಿ ಸುದ್ದಿ ಕೇಳಿದವಳೇ ಊರಿಗೆ ಬಂದಳು. ಮಣ್ಣಾದ ಮೇಲೆ ಒಂದು ದಿನ ಅವಳೂ ನಿಷತಳೂ ಬಿದ್ದ ಮನೆಯ ಹಿತ್ತಲಲ್ಲಿ ನಿಂತಿದ್ದರು. ಗರ್ಡರು ಕಲ್ಲುಗಳ ನಡುವೆ ಓರೆಯಾಗಿ ಬಿದ್ದಿತ್ತು, ಅದಕ್ಕೆ ಹಚ್ಚಿದ ಬಣ್ಣ ಇನ್ನೂ ಹೊಸದಾಗಿತ್ತು.

"ಗರ್ಡರ್ ಮುರದಿಲ್ಲ ನೋಡು," ವಿಜಯಲಕ್ಷ್ಮಿ ಹೇಳಿದಳು. "ಅದರ ತುದಿ ಕುಂತಿದ್ದು ಮಣ್ಣಿನ ಗ್ವಾಡಿ ಮ್ಯಾಲೆ. ಒಂದೂವರಿ ಫೂಟಿನ ಗ್ವಾಡಿ ಉದ್ದಕ್ಕೂ ಹೊತಗೊಂಡಿದ್ದ ಭಾರ ಎಲ್ಲಾ ಎರಡು ತುದಿಗೆ ಬಂತು. ಮಣ್ಣು ದಿನಾ ಇಷ್ಟಿಷ್ಟ ಪುಡಿ ಆತು. ಮಳಿ ನೀರು ಇಳದು ಇನ್ನಷ್ಟು ಮೆತ್ತಗಾತು. ತುದಿ ಜಾರಿತು."

"ಪುಡಿ ಬೀಳತಿತ್ತಕ್ಕ," ನಿಷತ ಅಂದಳು. "ನೀವು ಫೋನ್ ಮಾಡಿದ ದಿನಾನೂ ಬಿದ್ದಿತ್ತು. ನಾ ಗುಡಸಾಕತ್ತಿದ್ದೆ. ಛಲೋ ಐತಿ ಅಂದೆ ನಿಮಗ."

ವಿಜಯಲಕ್ಷ್ಮಿ ಬಗ್ಗಿ ಗರ್ಡರಿನ ತುದಿಗೆ ಮೆತ್ತಿದ್ದ ಮಣ್ಣನ್ನು ಬೆರಳಿನಿಂದ ಉಜ್ಜಿ ನೋಡಿದಳು.

"ನೀವು ಬಂದು ನೋಡಿದ್ರ ಗ್ವಾಡಿ ತಗೀಬ್ಯಾಡ ಅಂತಿದ್ರಿ. ಅವರು ನೀರು ಕುಡೀದ ಸಾಯ್ತಿದ್ರು. ಏನ್ ಮಾಡಬೇಕಿತ್ತಕ್ಕ ನಾವು?"

"ಗ್ವಾಡಿ ತಗಿಯೂದ ಬೇಕಾಗಿರಲಿಲ್ಲ ನಿಷತ." ವಿಜಯಲಕ್ಷ್ಮಿಯ ದನಿ ಸಣ್ಣದಾಯಿತು. "ಬಾಗ್ಲ ಅಗಲ ಮಾಡಿದ್ರ ಸಾಕಿತ್ತು. ಮದಲ ಸ್ಲ್ಯಾಬಿಗೆ ಕೆಳಗಿಂದ ಜಾಕ್ ಕೊಟ್ಟು ಎತ್ತಿ ಹಿಡೀಬೇಕು. ಲೆಕ್ಕ ಹಾಕಿ ಬಾಗ್ಲ ಮ್ಯಾಲೆ ಭಾರ ಹೊರೂ ಹೊಸಾ ಲಿಂಟಲ್ ಕೂಡಸಬೇಕು, ಅದರ ಎರಡೂ ತುದಿಗೆ ಗಟ್ಟಿ ಆಸರ ಮಾಡಬೇಕು. ಆಮ್ಯಾಲೆ ಪಕ್ಕದಾಗ ಅಷ್ಟ ಬಿಡಿಸಬೇಕು. ಕುರ್ಚಿಗೆ ಎಷ್ಟ ಕಡಿಮಿ ಬೀಳತಿತ್ತು?"

"ಒಂದು ಗೇಣು."

ನಿಷತ ಅಲ್ಲಿಯೇ ಕಲ್ಲಿನ ಮೇಲೆ ಕೂತಳು. ಅಳು ಬರಲಿಲ್ಲ. ಆಗಿಹೋದದ್ದಕ್ಕೆ ಬೇರೆ ದಾರಿ ಇರಲಿಲ್ಲ ಎಂದುಕೊಂಡಾದರೂ ಬದುಕಬಹುದೇನೋ ಎಂದು ಅವಳು ಇಷ್ಟು ದಿನ ಅಂದುಕೊಂಡಿದ್ದಳು. ಇನ್ನು ಅದೂ ಇರಲಿಲ್ಲ.

ಉಳಿದ ಮನೆಯಲ್ಲಿ ಇರುವ ಹಾಗಿರಲಿಲ್ಲ. ಕಾಸಿಂಸಾಬರನ್ನು ಮಗಳು ಮುಬಿನ ಕೊಲ್ಹಾರಕ್ಕೆ ಕರೆದುಕೊಂಡು ಹೋದಳು. ಹೋಗುವಾಗ ಅವರು ಮನೆಯ ಕಡೆ ನೋಡಲಿಲ್ಲ, ಮಗನ ಕಡೆಯೂ ನೋಡಲಿಲ್ಲ. ನಿಷತ ಗಂಡನನ್ನು ಕರೆದುಕೊಂಡು ಮುದ್ದೇಬಿಹಾಳದ ತವರಿಗೆ ಬಂದಳು. ತಾಯಿ ಮೆಹರುನ್ನಿಸಾ ಹೊರಗಿನ ಖೋಲಿ ಬಿಟ್ಟುಕೊಟ್ಟಳು.

ಸೊಹೇಲ ಆ ಖೋಲಿಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಕುರ್ಚಿ ಹತ್ತಲಿಲ್ಲ. ಹತ್ತು ಮಾತಿಗೆ ಒಂದು ಉತ್ತರ, ಅದೂ ಇಲ್ಲ. ನೀರಿನ ತಂಬಿಗೆ ಮತ್ತೆ ತುಂಬಿದ್ದು ತುಂಬಿದ ಹಾಗೇ ಇರತೊಡಗಿತು. ಒಮ್ಮೆ ಮಾತ್ರ ತಾನಾಗಿಯೇ ಹೇಳಿದ. "ನನ್ನ ಸಲುವಾಗಿ ತಗದಿದ್ದು. ನಾ ಹೊರಗಿದ್ದೆ, ಅವ್ವ ಒಳಗಿದ್ಲು." ನಾನೇ ಆಗಲಿ ಅಂದಿದ್ದೆ ಎಂದು ಹೇಳಿದರೆ ಅವನ ಭಾರ ಇಳಿಯುತ್ತದೆಯೋ ಇಮ್ಮಡಿಯಾಗುತ್ತದೆಯೋ ನಿಷತಳಿಗೆ ತಿಳಿಯಲಿಲ್ಲ.

ಹೀಗೆ ತಿಂಗಳುಗಳು ಹೋದವು. ಒಂದು ಬೆಳಿಗ್ಗೆ ಪಕ್ಕದ ಮನೆಯಿಂದ ಠಣ್, ಠಣ್ ಎಂದು ಕಲ್ಲಿಗೆ ಹಾರೆ ಬಡಿಯುವ ಸದ್ದು ಬಂತು.

ಸೊಹೇಲ ಹೊರಳಿದ. "ಏನದು?"

"ಸಿದ್ದರಾಯ ಕಾಕಾನ ಮನ್ಯಾಗ," ಹೊರಗೆ ಇಣುಕಿ ಬಂದ ಮೆಹರುನ್ನಿಸಾ ಹೇಳಿದಳು. "ಮಗ ಮಾಳಿಂಗ ಹಿಟ್ಟಿನ ಗಿರಣಿ ಇಡ್ತಾನಂತ. ಎರಡು ಖೋಲಿ ಕೂಡಸಿ ಒಂದು ಮಾಡಾಕತ್ತಾರ."

ಸೊಹೇಲ ಎರಡೂ ಕೈ ಊರಿ ಎದ್ದು ಕೂಡಲು ನೋಡಿದ. "ಕುರ್ಚಿ ತಾ," ಅಂದ.

ನಿಷತ ಮೂಲೆಯಲ್ಲಿದ್ದ ಕುರ್ಚಿಯ ಧೂಳು ಒರೆಸಿ ತಂದಳು. ತಾಯಿ, ಮಗಳು ಕೂಡಿ ಅವನನ್ನು ಕೂಡಿಸಿದರು. ನಿಷತ ಪಕ್ಕದ ಮನೆಯ ಅಂಗಳಕ್ಕೆ ಅವನನ್ನು ನೂಕಿಕೊಂಡು ಹೋದಳು. ಸಿದ್ದರಾಯ ಕಟ್ಟೆಯ ಮೇಲೆ ಕೂತಿದ್ದ. ಹೆಂಡತಿ ಕಸ್ತೂರೆವ್ವ ಮತ್ತು ಸೊಸೆ ಮಾಲಾ ಒಳಗಿನ ಸಾಮಾನು ಹೊರಗೆ ತಂದು ಇಡುತ್ತಿದ್ದರು. ಒಳಗೆ ಮಾಳಿಂಗ ತಾನೇ ಹಾರೆ ಹಿಡಿದಿದ್ದ, ಜೊತೆಗೆ ಒಬ್ಬ ಗೌಂಡಿ.

"ಕಾಕಾ, ಹಾರಿ ನಿಂದ್ರಸ್ರಿ," ಸೊಹೇಲ ಹೇಳಿದ.

ಅವನ ದನಿಯನ್ನು ಆ ಓಣಿಯವರು ಕೇಳಿಯೇ ಇರಲಿಲ್ಲ. ಸಿದ್ದರಾಯ ಎದ್ದು ನಿಂತ. ಮಾಳಿಂಗ ಹೊರಗೆ ಬಂದ, ಮೈಯೆಲ್ಲ ಧೂಳು.

"ನಿಮ್ಮ ಮನಿ ಸುದ್ದಿ ಗೊತ್ತೈತಿ ಅಣ್ಣಾ," ಮಾಳಿಂಗ ಸಮಾಧಾನದಿಂದಲೇ ಅಂದ. "ಆದ್ರ ನಿಮ್ಮದಕ ಮ್ಯಾಲೊಂದು ಖೋಲಿ ಇತ್ತು. ನಮ್ಮದಕ ಏನೂ ಇಲ್ಲ, ಬರೇ ಮಣ್ಣಿನ ಮಾಳಗಿ. ಗೌಂಡಿನೂ ನೋಡ್ಯಾನ."

"ನಮ್ಮ ಗೌಂಡಿನೂ ನೋಡಿದ್ದ."

"ಒಂದು ಕಂಬ ಕೊಡ್ತೇವಿ ನಡುವ."

"ನಾವೂ ಗರ್ಡರ್ ಕೊಟ್ಟಿದ್ವಿ."

ಮಾಳಿಂಗನಿಗೆ ಬೇಸರ ಬಂತು. "ಗಿರಣಿ ಮಷಿನ್ ಬರೂ ದಿನ ಗೊತ್ತಾಗೈತಿ ಅಣ್ಣಾ. ಕೆಲಸ ನಿಂದ್ರಸಿದ್ರ ಹೆಂಗ?"

ಸೊಹೇಲ ಒಳಗಿನ ಖೋಲಿಯ ಕಡೆ ನೋಡಿ ಕೇಳಿದ. "ಗಿರಣ್ಯಾಗ ಯಾರು ಕೂಡ್ರತಾರ?"

"ಮಾಲಾ. ನಾ ಹೊಲಕ್ಕ ಹೋಗ್ತೇನಲ್ಲ."

"ಅವತ್ತ ನಮ್ಮಪ್ಪ ನಮಾಜಿಗೆ ಹೋಗಿದ್ದ. ನಾ ಹಿತ್ತಲದಾಗಿದ್ದೆ. ಗೌಂಡಿ ಇಂಡಿ ಊರಾಗಿದ್ದ. ಗ್ವಾಡಿ ತಗೀರಿ ಅಂದಾವರು, ತಗದಾವರು, ಯಾರ ಸಲುವಾಗಿ ತಗದ್ರೋ ಅಂವ, ಒಬ್ಬರೂ ಅದರ ಕೆಳಗಿರಲಿಲ್ಲ. ನಮ್ಮವ್ವ ಇದ್ದಳು. ಆಕಿನ್ನ ಯಾರೂ ಒಂದು ಮಾತು ಕೇಳಿರಲಿಲ್ಲ." ಅವನು ಉಸಿರು ಎಳೆದುಕೊಂಡ. "ಬಿದ್ದ ಮ್ಯಾಲೂ ಆಕಿ ಮಾತಾಡಿದ್ಲು ಮಾಳಿಂಗ. ನನ್ನ ಹೆಸರು ಹಿಡದು, ಹತ್ರ ಬರಬ್ಯಾಡ, ಕಲ್ಲು ಬೀಳ್ತಾವು ಅಂದ್ಲು. ನಾ ಹತ್ರ ಹೋಗಾಕ ಆಗೂ ಹಂಗ ಇರಲಿಲ್ಲ."

ಈ ಮಾತನ್ನು ಅವನು ನಿಷತಳಿಗೂ ಹೇಳಿರಲಿಲ್ಲ. ಅವಳು ಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದು ನಿಂತಳು.

ಮಾಲಾ ಕೈಯಲ್ಲಿದ್ದ ಬುಟ್ಟಿಯನ್ನು ಕೆಳಗಿಟ್ಟಳು. "ನಾ ಅದರ ಕೆಳಗ ಕೂಡ್ರೂದಿಲ್ರಿ," ಎಂದು ಅತ್ತೆಗೆ ಹೇಳಿದಳು. ಕಸ್ತೂರೆವ್ವ ಮಗನ ಕೈಯಿಂದ ಹಾರೆ ತೆಗೆದುಕೊಂಡು ಗೋಡೆಗೆ ಆನಿಸಿದಳು. "ತಿಳದು ನೋಡಾವರನ್ನ ಕರಸೂತನಕ ಇದನ್ನ ಯಾರೂ ಮುಟ್ಟಬ್ಯಾಡ್ರಿ," ಅಂದಳು. ಸಿದ್ದರಾಯ ತಲೆಯಾಡಿಸಿದ.

ನಿಷತ ಅಲ್ಲಿಂದಲೇ ವಿಜಯಲಕ್ಷ್ಮಿಗೆ ಫೋನ್ ಮಾಡಿದಳು. ಈ ಸಲ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ವಿಜಯಲಕ್ಷ್ಮಿ ರಜೆ ಇದ್ದ ದಿನ ಬಂದು ಮನೆಯನ್ನು ಒಳಗೆ ಹೊರಗೆ ನೋಡಿದಳು. ಗೋಡೆಯ ದಪ್ಪ ಅಳೆದಳು. ಮಾಳಿಗೆ ಹತ್ತಿ ತೊಲೆಗಳು ಯಾವ ಕಡೆಯಿಂದ ಯಾವ ಕಡೆಗೆ ಹೋಗಿವೆ, ಎಲ್ಲಿ ಕೂತಿವೆ ಎಂದು ಗುರುತು ಮಾಡಿಕೊಂಡಳು. ಕೆಳಗಿಳಿದು ಮಾಳಿಂಗನನ್ನು ಕರೆದು ತೋರಿಸಿದಳು.

"ಮ್ಯಾಲೆ ಖೋಲಿ ಇಲ್ಲ ಅಂದ್ರ ಭಾರ ಇಲ್ಲ ಅಂತ ಅಲ್ಲ. ನಿಮ್ಮ ಮಾಳಗಿ ಮ್ಯಾಲಿನ ಮಣ್ಣ ಎಷ್ಟೈತಿ ನೋಡ್ರಿ. ತೊಲಿ ಎಲ್ಲಾ ಈ ಗ್ವಾಡಿ ಮ್ಯಾಲೇನ ತಲಿ ಇಟ್ಟಾವು. ಇದನ್ನ ತಗದು, ಒಳಗ ಗಿರಣಿ ಹಚ್ಚಿ, ದಿನಾ ಮಷಿನ್ ನಡುಗಿದ್ರ ಮನಿ ತಡಿಯೂದಿಲ್ಲ."

"ಆ ಕಡೀದು?" ಮಾಳಿಂಗ ಪಡಸಾಲೆಯ ಮೂಲೆಯ ತೆಳ್ಳನೆ ಇಟ್ಟಿಗೆ ಗೋಡೆ ತೋರಿಸಿದ.

"ಅದು ಆಮ್ಯಾಲೆ ಕಟ್ಟಿದ್ದು. ಬರೇ ಅಡ್ಡ ನಿಂತೈತಿ. ಅದರ ತಲಿ ಮ್ಯಾಲೆ ಯಾವ ತೊಲಿನೂ ಕುಂತಿಲ್ಲ, ನಾ ನೋಡೇನಿ. ಅದನ್ನ ಬೇಕಾದ್ರ ತಗೀಬಹುದು. ಆದ್ರ ತೆಳ್ಳಗಿದ್ದಿದ್ದೆಲ್ಲಾ ತಗೀಬಹುದು ಅಂತ ತಿಳ್ಕೋಬ್ಯಾಡ್ರಿ. ಒಂದೊಂದು ಮನ್ಯಾಗ ತೆಳ್ಳನ ಗ್ವಾಡಿನೂ ಭಾರ ಹೊತ್ತಿರ್ತೈತಿ. ನೋಡದ ಹೇಳಾಕ ಬರೂದಿಲ್ಲ." ಹಾರೆಯ ಏಟಿಗೆ ಬಿದ್ದ ಕಲ್ಲುಗಳ ಜಾಗವನ್ನು ಮತ್ತೆ ಸರಿಯಾಗಿ ತುಂಬಿಸಲು ಗೌಂಡಿಗೆ ಹೇಳಿ, ಗಿರಣಿಯನ್ನು ಅಂಗಳದಲ್ಲಿ ತಗಡಿನ ಶೆಡ್ ಹಾಕಿ ಬೇರೆಯೇ ಇಡುವುದು ಒಳ್ಳೆಯದೆಂದಳು.

ಮಾಳಿಂಗ ಹಾಗೆಯೇ ಮಾಡಿದ. ಆ ಮನೆ ಈಗಲೂ ನಿಂತಿದೆ. ಅಂಗಳದ ಶೆಡ್ಡಿನಲ್ಲಿ ಮಾಲಾ ಹಿಟ್ಟು ಬೀಸಿ ಕೊಡುತ್ತಾಳೆ.

ಆದರೆ ಅದರಿಂದ ಸೊಹೇಲನ ಎದೆ ಹಗುರಾಯಿತು ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಅಂದು ಅಂಗಳದಿಂದ ಖೋಲಿಗೆ ಬಂದವನು, "ಸಾಕು, ಮಲಗಸು," ಅಂದ. ಮತ್ತೆ ಗೋಡೆಯ ಕಡೆ ಹೊರಳಿದ. ಸಿದ್ದರಾಯ ಬಂದು ನಿನ್ನಿಂದ ನಮ್ಮ ಮನೆ ಉಳಿಯಿತು ಅಂದರೆ ಅವನು ಕಣ್ಣು ಮುಚ್ಚಿಕೊಳ್ಳುತ್ತಾನೆ. ಕಾಸಿಂಸಾಬರು ಕೊಲ್ಹಾರದಿಂದ ಇನ್ನೂ ಬಂದಿಲ್ಲ. ನಿಡಗುಂದಿಯ ಆ ಜಾಗದಲ್ಲಿ ಕಲ್ಲಿನ ರಾಶಿಯ ನಡುವೆ ಜಾಲಿ ಎದ್ದಿದೆ. ನಿಷತ ಮಾತ್ರ ತಿಂಗಳಿಗೊಮ್ಮೆ ಅಲ್ಲಿನ ಸ್ವಸಹಾಯ ಸಂಘದ ಸಭೆಗೆ ಹೋಗುತ್ತಾಳೆ. ಯಾರಾದರೂ ಮನೆ ಸುಧಾರಿಸುವ ಮಾತೆತ್ತಿದರೆ ಎದ್ದು ನಿಂತು ಇದನ್ನೆಲ್ಲ ಹೇಳುತ್ತಾಳೆ. ಹೇಳಿ ಮುಗಿಸಿ, ಯಾರ ಸಮಾಧಾನದ ಮಾತಿಗೂ ಕಾಯದೆ ಕೂತುಬಿಡುತ್ತಾಳೆ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಜಾಗ ಸಾಲದೆ ಇರಬಹುದು. ಸೊಹೇಲನ ಮನೆಯವರಂತೆ ನಿಮಗೂ ಗೋಡೆ ತೆಗೆಯಲು ಒಳ್ಳೆಯ ಕಾರಣವೇ ಇರಬಹುದು. ಕಾರಣ ಎಷ್ಟೇ ಒಳ್ಳೆಯದಿದ್ದರೂ ಮೇಲಿನ ಭಾರ ಕಡಿಮೆಯಾಗುವುದಿಲ್ಲ. ತಟ್ಟಿ ನೋಡಿದರೆ ಗೋಡೆ ತನ್ನ ಕೆಲಸ ಹೇಳುವುದಿಲ್ಲ. ಅದರ ಮೇಲೆ ಇನ್ನೊಂದು ಗೋಡೆ ಇದೆಯೇ, ಸ್ಲ್ಯಾಬಾಗಲಿ ತೊಲೆಯಾಗಲಿ ಅದರ ಮೇಲೆ ಕೂತಿದೆಯೇ, ಮನೆಯಲ್ಲಿ ಪಿಲ್ಲರ್ ಇಲ್ಲವೇ ಎಂದು ನೀವೂ ನೋಡಿಕೊಳ್ಳಿ. ಆದರೆ ತೀರ್ಮಾನ ನೀವು ಮಾಡಬೇಡಿ, ಗೌಂಡಿಗೂ ಬಿಡಬೇಡಿ. ಕಲಿತ ಎಂಜಿನಿಯರ್ ಒಬ್ಬರು ಮನೆಗೆ ಬಂದು ಕಣ್ಣಾರೆ ನೋಡಿ ಹೇಳಲಿ. ಗ್ರಾಮ ಪಂಚಾಯಿತಿ ಅಥವಾ ಪುರಸಭೆಯಲ್ಲಿ ಕೇಳಿದರೆ ಯಾರನ್ನು ಕರೆಸಬೇಕೆಂದು ದಾರಿ ತೋರಿಸುತ್ತಾರೆ. ಅವರು ಬೇಡ ಎಂದರೆ, ಬೇರೆ ಏನು ಮಾಡಬಹುದು ಎಂದೂ ಕೇಳಿ.

ಈಗಾಗಲೇ ಗೋಡೆ ಒಡೆಸಿದ್ದರೆ, ಬಿರುಕು ಕಂಡರೆ, ಪುಡಿ ಉದುರಿದರೆ, ಬಾಗಿಲು ಕೂಡದಿದ್ದರೆ, ಅದನ್ನು ಗುಡಿಸಿ ಮರೆಯಬೇಡಿ, ಬಣ್ಣ ಹಚ್ಚಿ ಮುಚ್ಚಬೇಡಿ. ಸಾಮಾನಿನ ಚಿಂತೆ ಬಿಟ್ಟು ಎಲ್ಲರೂ ಹೊರಗೆ ಬನ್ನಿ. ಹೊರಗೆ ನಿಂತು ಎಂಜಿನಿಯರ್‌ಗೆ ಫೋನ್ ಮಾಡಿ. ಬೈಯುತ್ತಾರೆ ಎಂದು ನಾಚಬೇಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ. ಮತ್ತೆ ಒಂದು ಮಾತು. ಹಾರೆ ಎತ್ತುವ ಮುಂಚೆ, ದಿನವಿಡೀ ಆ ಸೂರಿನ ಕೆಳಗೆ ಕೂಡುವವರು ಯಾರೋ, ಅವರನ್ನೂ ಒಂದು ಮಾತು ಕೇಳಿ.